ನಾಯಿಯ ಬದಲಿಗೆ

"ಬೊಗಳ್ಲಾ!"

ಕಾಟಪ್ಪ ಕೆಮ್ಮುತ್ತಲೇ ಮುದ್ದೆಯ ತುಂಡನ್ನು ಬಂಡೆಯ ಮೇಲೆ ಎಸೆದ. ಅದು ಉರುಳಿ ಕುರಿಹಿಕ್ಕೆಯ ಪಕ್ಕದಲ್ಲಿ ನಿಂತಿತು. ಹದಿಮೂರು ವರ್ಷದ ಜುಂಜ ಅದನ್ನೆತ್ತಿ, ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು, ನಿಧಾನವಾಗಿ ತಿಂದ. ಬೊಗಳಲಿಲ್ಲ. ಅಳಲೂ ಇಲ್ಲ. ಸಂತೆಯಲ್ಲಿ ಯಾರದೋ ಎತ್ತನ್ನು ನೋಡುವ ಹಾಗೆ ಕಾಟಪ್ಪನ ಮುಖವನ್ನೇ ನೋಡುತ್ತಿದ್ದ.

"ಒಂದೇ ಒಂದ್ಸಲ ನಾಯಿ ಹಂಗೆ ಬೊಗಳ್ಬುಡು. ಮನೆಗೆ ಕಳಿಸ್ಬುಡ್ತೀನಿ."

"ಇನ್ನೊಂದ್ ಚೂರು ಐತಾ ಮಾವ?" ಎಂದ ಜುಂಜ.

ಕಾಟಪ್ಪನ ಮೈ ಉರಿದುಹೋಯಿತು. ದೊಣ್ಣೆ ಬೀಸಿದ. ಹುಡುಗ ಬೆನ್ನು ಕೊಟ್ಟು ನಿಂತ. ಏಟು ತಿಂದು ಅಭ್ಯಾಸವಾದ ಬೆನ್ನು ಅದು.

ಈ ಹುಡುಗ ಕೆಂಚನನ್ನು ಕೊಂದವನು. ಕೆಂಚ ಕಾಟಪ್ಪನ ಕುರಿನಾಯಿ. ಮರಿಯಾಗಿದ್ದಾಗ ಅವನ ಕಂಬಳಿಯ ತುದಿಯಲ್ಲೇ ಮಲಗಿ ಬೆಳೆದದ್ದು, ದೊಡ್ಡದಾದ ಮೇಲೆ ತೋಳವನ್ನು ಒಂಟಿಯಾಗಿ ಅಟ್ಟಿದ್ದು. ಜುಂಜ ಅದರ ಬಾಯಿಗೆ ಹಗ್ಗ ಬಿಗಿದು ಪಾಳುಬಾವಿಗೆ ತಳ್ಳಿದ್ದ. ಯಾಕೆಂದು ಕೇಳಿದರೆ, "ಸುಮ್ಕೆ" ಅಂದಿದ್ದ.

ಮಿಡಿಗೇಶಿ ಬೆಟ್ಟದ ಹಿಂದಿನ ಆ ಹಟ್ಟಿಯಲ್ಲಿ ಅವನ ಕಾಟ ತಿನ್ನದವರಿರಲಿಲ್ಲ. ಮೇಷ್ಟ್ರ ಸೈಕಲ್ಲನ್ನು ಕೆರೆಗೆ ಬಿಟ್ಟಿದ್ದ. ಕೋಳಿಗಳ ಕಾಲು ಮುರಿದಿದ್ದ. ಹುಲ್ಲಿನ ಬಣವೆಗೆ ಬೆಂಕಿಯಿಟ್ಟು, ಆರಿಸುವವರ ಜೊತೆ ತಾನೂ ಬಿಂದಿಗೆ ಹಿಡಿದು ಓಡಾಡಿದ್ದ. ಅಪ್ಪ ಬೋರಣ್ಣ ಕುಡುಗೋಲು ಕಾಯಿಸಿ ಬರೆ ಎಳೆದ. ಶಿರಾದಿಂದ ತಾಯತ ತಂದು ಕಟ್ಟಿದ. ಮಧುಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಕಣ್ಣಿಗೆ ಬ್ಯಾಟರಿ ಬಿಟ್ಟು, ಮಂಡಿಗೆ ತಟ್ಟಿ, ಒಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಕುಡಿದು ಹುಡುಗ ಇನ್ನಷ್ಟು ಗಟ್ಟಿಯಾದ.

ಕೆಂಚ ಸತ್ತ ಮಾರನೆಯ ದಿನ ಗುಡಿಯ ಮುಂದೆ ನ್ಯಾಯ ಸೇರಿತ್ತು. ಬೋರಣ್ಣ ತಪ್ಪುದಂಡ ಕಟ್ಟುತ್ತೇನೆಂದು ಕೈಮುಗಿದ.

"ದಂಡ ನಿನ್ತಾವೇ ಇಟ್ಕೋ. ನಂಗೆ ನಾಯಿ ಬೇಕು," ಎಂದ ಕಾಟಪ್ಪ.

"ಸತ್ತ ನಾಯಿನ ಎಲ್ಲಿಂದ ತರಾನಪ್ಪ?"

"ತರೋದ್ಯಾಕೆ? ಇಲ್ಲೇ ನಿಂತೈತಲ್ಲ. ಇವ್ನೇ ನನ್ ನಾಯಿ. ಇವ್ನು ಬೊಗಳಿದ ದಿನ ಬುಟ್ಬುಡ್ತೀನಿ."

ಯಾರೋ ನಕ್ಕರು. ಯಜಮಾನರು ಹೂಂ ಅಂದುಬಿಟ್ಟರು. ಹುಡುಗ ಹಟ್ಟಿಯ ಕಣ್ಣಿಂದ ದೂರವಾದರೆ ಸಾಕಾಗಿತ್ತು ಎಲ್ಲರಿಗೂ. ಬೋರಣ್ಣನೂ ಮಗನ ಕಡೆ ತಿರುಗದೆ ಮನೆಗೆ ನಡೆದ.

ಅವತ್ತಿನಿಂದ ಜುಂಜ ಮಲಗುವುದು ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ, ತಿನ್ನುವುದು ಬಂಡೆಯ ಮೇಲೆ ಬಿದ್ದದ್ದನ್ನು. ರಸ್ತೆಬದಿಯಲ್ಲಿ ಕುರಿ ಮೇಯುವಾಗ ಮಧುಗಿರಿ ಬಸ್ಸು ಬಂದರೆ ಕಾಟಪ್ಪ ಬೇಕೆಂದೇ ಕೂಗುತ್ತಿದ್ದ, "ಕೆಂಚಾ, ಛೂ!" ಜುಂಜ ಓಡಿಹೋಗಿ ಮಂದೆಯನ್ನು ತಿರುಗಿಸುತ್ತಿದ್ದ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದರು. ಹುಡುಗನಿಗೆ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ಅದೇ ಕಾಟಪ್ಪನಿಗೆ ಸಹಿಸಲಾಗದ ಸಂಗತಿ. ಇವನನ್ನು ಒಂದು ಸಲ ಬಗ್ಗಿಸದೆ ಸತ್ತರೆ ತನ್ನ ಹೆಣವೂ ಬೇಯುವುದಿಲ್ಲ ಅನ್ನಿಸುತ್ತಿತ್ತು.

"ನಾಯಿ ಸತ್ತಿದ್ದಕ್ಕೆ ನೀನ್ಯಾಕೆ ಹುಚ್ಚುನಾಯಿ ಆಗಿದ್ದೀಯ?" ಎಂದಳು ಹೆಂಡತಿ ಹೊನ್ನಕ್ಕ. "ಅಪ್ಪ ಹೊಡ್ದ, ಮೇಷ್ಟ್ರು ಹೊಡದ್ರು, ಊರೇ ಹೊಡೀತು. ದಾರಿಗೆ ಬಂದ್ನಾ? ನಿನ್ ಕೈಲೇನು ಬಂಗಾರದ ದೊಣ್ಣೆ ಐತಾ?"

"ದಾರಿಗೆ ಯಾವನ್ ತರ್ತಾನೆ? ನಂಗೆ ಅವ್ನು ಬೊಗಳ್ಬೇಕು, ಅಷ್ಟೇ."

ಕಾರು ಹುಣ್ಣಿಮೆ ಕಳೆದ ಮೇಲೆ ಕಾಟಪ್ಪ ಪಾವಗಡದ ಕಡೆಯಿಂದ ಒಂದು ನಾಯಿಮರಿ ತಂದ. ಕರಿಯ ಮರಿ, ಎದೆಯ ಮೇಲೆ ಬಿಳಿ ಮಚ್ಚೆ. ಅದನ್ನು ಜುಂಜನ ಕೈಗೇ ಕೊಟ್ಟ.

"ಅವ್ನ ಕೈಗ್ಯಾಕೆ ಕೊಟ್ಟೆ? ಕೊಂದಾಕ್ತಾನೆ ಕಣಯ್ಯ!" ಎಂದಳು ಹೊನ್ನಕ್ಕ.

"ಕೊಲ್ಲಲಿ. ಆವಾಗ ಎರಡೂ ಕೈ ಮುರೀತೀನಿ. ಹಟ್ಟಿ ತುಟಿ ಬಿಚ್ಚಾಕಿಲ್ಲ."

"ಆ ಮರಿ ಏನ್ ಪಾಪ ಮಾಡೈತೆ?"

"ಕೆಂಚ ಏನ್ ಮಾಡಿದ್ದ?"

ಹೊನ್ನಕ್ಕ ಅವತ್ತು ಗಂಡನಿಗೆ ಬುತ್ತಿ ಕಟ್ಟಲಿಲ್ಲ.

ಮಧ್ಯಾಹ್ನ ಮಿಡಿಗೇಶಿಗೆ ಹೋಗಿ ಬರುತ್ತೇನೆಂದು ಹೇಳಿದ ಕಾಟಪ್ಪ, ಮಂದೆಯನ್ನು ಹುಡುಗನಿಗೆ ಬಿಟ್ಟು, ಸುತ್ತು ಹಾಕಿ ಬಂದು ದೊಡ್ಡ ಬಂಡೆಯ ಹಿಂದೆ ಕೂತ. ಬಿಸಿಲಿಗೆ ಬಂಡೆ ಕಾದಿತ್ತು. ದೊಣ್ಣೆಯನ್ನು ಮಂಡಿಯ ಮೇಲೆ ಇಟ್ಟುಕೊಂಡ.

ಜುಂಜ ಮರಿಯನ್ನು ಎದುರಿಗೆ ಕೂರಿಸಿಕೊಂಡಿದ್ದ. ತಾನು ಉಳಿಸಿಕೊಂಡಿದ್ದ ಮುದ್ದೆಯ ಚೂರನ್ನು ನೆಲಕ್ಕೆ ಎಸೆದ.

"ಬೊಗಳ್ಲಾ!"

ಅದು ಕಾಟಪ್ಪನದೇ ದನಿ. ಕೊನೆಯಲ್ಲಿ ಬರುವ ಕೆಮ್ಮೂ ಅವನದೇ. ಮರಿ ಮುದ್ದೆ ತಿಂದು ಬಾಲ ಅಲ್ಲಾಡಿಸಿತು. ಜುಂಜ ಪಕ್ಕದಲ್ಲಿದ್ದ ಕೋಲು ಎತ್ತಿದ. ಬಂಡೆಯ ಹಿಂದೆ ಕಾಟಪ್ಪನ ಎದೆ ಹಿಗ್ಗಿತು. ಹೊಡಿ, ಹೊಡಿಯೋ ಎಂದು ಒಳಗೊಳಗೇ ಅಂದುಕೊಂಡ.

ಹುಡುಗ ಕೋಲೆತ್ತಿಕೊಂಡೇ ಬಹಳ ಹೊತ್ತು ಮರಿಯನ್ನು ನೋಡಿದ. ಮರಿ ಅವನ ಕಾಲ್ಬೆರಳು ನೆಕ್ಕುತ್ತಿತ್ತು.

"ಬರಾಕಿಲ್ವಾ ನಿಂಗೆ?" ಎಂದು ಕೇಳಿದ. ಕೋಲು ಕೆಳಗಿಟ್ಟ. "ಇಲ್ನೋಡು. ಹಿಂಗೆ."

ಮೊಣಕೈ ಊರಿ ಬಗ್ಗಿದ, ಕತ್ತು ಚಾಚಿದ, ಬೊಗಳಿದ.

ಕಾಟಪ್ಪ ಕೂತಲ್ಲೇ ತಲೆಯೆತ್ತಿದ. ಅದು ಕೆಂಚನ ಬೊಗಳು. ಎರಡು ಗಿಡ್ಡ, ಆಮೇಲೆ ಒಂದು ಎಳೆದದ್ದು. ದಿಣ್ಣೆಯಾಚೆ ಚದುರಿದ ಕುರಿಗಳನ್ನು ಕರೆತರುವಾಗ ಕೆಂಚ ಹಾಕುತ್ತಿದ್ದ ಕೂಗು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಹೊಲದಲ್ಲೋ ಬೇಲಿಯ ಹಿಂದೋ ಕೂತು ಈ ಹುಡುಗ ಅದನ್ನು ಎಷ್ಟು ಕಾಲ ಕೇಳಿಸಿಕೊಂಡಿದ್ದನೋ.

ಕಾಟಪ್ಪ ಎದ್ದು ಬಂದ. ದೊಣ್ಣೆ ಕೈಯಲ್ಲೇ ಇತ್ತು. ಜುಂಜ ಅವನನ್ನು ಕಂಡವನೇ ಎದ್ದು, ಯಾವಾಗಿನ ಹಾಗೆ ಬೆನ್ನು ಕೊಟ್ಟು ನಿಂತ.

"ಇನ್ನೊಂದ್ಸಲ," ಎಂದ ಕಾಟಪ್ಪ.

ಹುಡುಗ ತಿರುಗಿದ.

"ಇನ್ನೊಂದ್ಸಲ ಅಂಗೇ ಕೂಗ್ಲಾ. ಹೊಡೆಯಾಕಿಲ್ಲ." ಕಾಟಪ್ಪ ದೊಣ್ಣೆ ಕೆಳಗಿಟ್ಟ. "ನಿನ್ ದಮ್ಮಯ್ಯ."

ಜುಂಜ ಅವನ ಮುಖವನ್ನು, ನಡುಗುವ ಗಲ್ಲವನ್ನು, ಒದ್ದೆಯಾದ ಕಣ್ಣನ್ನು ಒಂದೊಂದಾಗಿ ನೋಡಿದ. ಆ ಕ್ಷಣ ಅವನ ತುಟಿಯ ಮೂಲೆಯಲ್ಲಿ ನಗು ಮೂಡಿತು. ಬಾಯಿ ಮುಚ್ಚಿಕೊಂಡೇ ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಹಟ್ಟಿಯ ದಾರಿ ಹಿಡಿದ.

ಇಳಿಜಾರಿನ ಉದ್ದಕ್ಕೂ ಚದುರಿದ್ದ ಕುರಿಗಳೆಲ್ಲ ಒಟ್ಟಾಗಿ ಬಂದು ನಿಂತಿದ್ದವು. ಮೇಯುವುದನ್ನು ಬಿಟ್ಟು, ಕಿವಿ ನಿಮಿರಿಸಿ, ದನಿ ಬಂದ ಕಡೆಗೇ ನೋಡುತ್ತಿದ್ದವು.