ಉಗುಳಲಾಗದ ಹನ್ನೆರಡು ಪದಗಳು

ರೇಣುಕಪ್ರಸಾದರು ಕಾಫಿ ನುಂಗಿದ್ದನ್ನು ಕಂಡವರಿಲ್ಲ. ಮೂಡಿಗೆರೆಯ ಹೊರಗೆ ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡುವುದೇ ಅವರ ಕಸುಬು: ಚಮಚದಿಂದ ಸೊರ್ರನೆ ಹೀರಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಕ್ಷಣಮಾತ್ರ ನಿಲ್ಲಿಸಿ ಉಗುಳಿಬಿಡುವುದು. ಬೀಜ ಜಾವಳಿ ಕಡೆಯದೋ ಸಂಸೆ ಕಡೆಯದೋ ಎಂಬುದು ಅಷ್ಟರಲ್ಲೇ ಅವರಿಗೆ ತಿಳಿದಿರುತ್ತಿತ್ತು. ಬಿಸಿಲಿಗೂ ಬಿಚ್ಚದ ಕಂದು ಉಣ್ಣೆಯ ಕೋಟು, ಕಣದಲ್ಲಿ ಹರವಿದ ಬೀಜ ತುಳಿಯದಂತೆ ಕಾಲೆಳೆದು ರೂಢಿಯಾಗಿ ಟಾರು ರಸ್ತೆಯಲ್ಲೂ ಎಳೆಯುತ್ತಿದ್ದ ನಡಿಗೆ, ಮಾತಿನ ಕೊನೆಗೊಂದು "ಇರ್ಲಿ, ಹೋಗ್ಲಿ". ಇಂಥವರು ಬೌದ್ಧ ಧ್ಯಾನದ ಕಡೆ ಹೊರಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಅವರು ಕ್ರಿಪ್ಟೊ ನಾಣ್ಯವನ್ನೂ ಕೊಂಡಿಟ್ಟಿದ್ದರು.

"ಮುಟ್ಟೋಕಾಗಲ್ಲ, ನೋಡೋಕಾಗಲ್ಲ. ಶೂನ್ಯ ಅಂದ್ರೆ ಇದೇ ಅಲ್ವಾ?" ಎಂದು ಗೆಳೆಯ, ಜೀಪ್ ಮೆಕ್ಯಾನಿಕ್ ಜಾವೇದರಿಗೆ ವಿವರಿಸುತ್ತಿದ್ದರು. ಅದರ ಬೀಗದ ಕೈಯೆಂದರೆ ಹನ್ನೆರಡು ಇಂಗ್ಲಿಷ್ ಪದಗಳ ಸರಣಿ. ಎಲ್ಲೂ ಬರೆದಿಡದೆ ಬಾಯಿಪಾಠ ಮಾಡಿದ್ದರು. ಮರೆತರೆ ಎಲ್ಲವೂ ಹೋದಂತೆ. ಹಾಗಾಗಿ ಊಟಕ್ಕೆ ಕೂತಾಗಲೂ ಬಸ್ಸಿಗೆ ಕಾಯುವಾಗಲೂ ತುಟಿ ಅಲುಗುತ್ತಲೇ ಇರುತ್ತಿತ್ತು: ಲ್ಯಾಡರ್, ಆರ್ಫನ್, ವಿಂಟರ್... ಜನ ಅದನ್ನು ಮಂತ್ರವೆಂದುಕೊಂಡು ಅವರ ಹತ್ತಿರ ದನಿ ತಗ್ಗಿಸುತ್ತಿದ್ದರು.

ಇದು ಧರ್ಮಕ್ಕೆ ಒಪ್ಪುತ್ತದೆಯೇ ಎಂದು ಧ್ಯಾನ ಶಿಬಿರದ ಗುರುಗಳನ್ನೇ ಕೇಳಿದರು. "ಹೊಂದಿರೋದು ತಪ್ಪಲ್ಲ. ಕಣ್ಣು ಮುಚ್ಚಿದಾಗ ಮೊದಲು ಏನು ಬರುತ್ತೆ, ನೋಡ್ಕೊಳ್ಳಿ" ಎಂದರು ಅವರು. ರೇಣುಕಪ್ರಸಾದರು ನೋಡಿಕೊಂಡರು. ಉಸಿರಿನ ಅರಿವು ಬರಲಿಲ್ಲ, ಲ್ಯಾಡರ್ ಬಂತು. ಆಮೇಲೆ ಕೆಲಸದ ಮೇಜಿನ ಮುಂದೆ ಕಣ್ಣು ಮುಚ್ಚಿದರೂ ಅದೇ. ಯಾವ ತೋಟದ ಕಾಫಿಯೂ ನಾಲಿಗೆಗೆ ತಲುಪದಾಯಿತು. ಅಲ್ಲಿ ಯಾರೋ ಮೊದಲೇ ಬಂದು ಕೂತಂತಿತ್ತು. ಬೂಸ್ಟು ಹಿಡಿದ ವಸ್ತಾರೆಯ ಮಾಲನ್ನು ಅವರು ಉತ್ತಮವೆಂದ ದಿನ ಮ್ಯಾನೇಜರು ತಾವೇ ಚಮಚ ತೆಗೆದುಕೊಂಡು ಇನ್ನೊಮ್ಮೆ ರುಚಿ ನೋಡಿದರು. ನಾಲಿಗೆ ಕೈಕೊಟ್ಟರೆ ತಾನು ಯಾರೂ ಅಲ್ಲವೆಂದು ರೇಣುಕಪ್ರಸಾದರಿಗೆ ಅಂದು ನಿಜಕ್ಕೂ ಭಯವಾಯಿತು.

"ಮಾರಿ ಬಿಸಾಕಿ ಅತ್ಲಾಗೆ" ಎಂದರು ಜಾವೇದ್. ಮಾರಿದರೆ ಲಾಭದ ಆಸೆ, ದಾನ ಕೊಟ್ಟರೆ ಪುಣ್ಯದ ಆಸೆ ಎಂಬುದು ರೇಣುಕಪ್ರಸಾದರ ತರ್ಕ. "ಉಗುಳೋದೇ ನನ್ನ ಕಸುಬು ಮಾರಾಯ್ರೆ. ಆ ಪದಗಳನ್ನೇ ಉಗುಳಿಬಿಡ್ತೀನಿ."

ಫೋನಿನಲ್ಲಿದ್ದ ನಾಣ್ಯದ ಆ್ಯಪನ್ನು ಅಳಿಸಿದರು. ದಿನಾ ಬೆಳಗ್ಗೆ ಹಿತ್ತಿಲ ಸಿಲ್ವರ್ ಓಕ್ ಬುಡದಲ್ಲಿ ನಿಂತು ಒಂದೊಂದೇ ಪದವನ್ನು ಗಟ್ಟಿಯಾಗಿ ಹೇಳಿ ಥೂ ಎಂದು ಉಗುಳತೊಡಗಿದರು. ಹೆಂಡತಿ ಭವ್ಯಾ ಜಗಲಿಯಲ್ಲಿ ಮೊರ ಹಿಡಿದು, ಕಾಫಿಬೀಜದಲ್ಲಿ ಕರಿಬೀಜ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಬರಬರುತ್ತ ಒಂದು ಪದ ಮಸುಕಾಯಿತು, ಆಮೇಲೆ ಇನ್ನೊಂದು.

ಮಂಜು ದಟ್ಟವಾಗಿದ್ದ ಒಂದು ಬೆಳಗ್ಗೆ ಮರದ ಬುಡದಲ್ಲಿ ನಿಂತವರಿಗೆ ಉಗುಳಲು ಏನೂ ಸಿಗಲಿಲ್ಲ. ಒಳಗೆ ಬಂದು ಕಾಫಿ ಹೀರಿದರು. ಕಿತ್ತಳೆ ಸಿಪ್ಪೆಯ ಕಂಪು! ಸಂತೋಷದಲ್ಲಿ ನುಂಗಿಯೇಬಿಟ್ಟರು. ಲೋಟ ಹಿಡಿದು ಜಗಲಿಗೆ ಓಡಿದರು.

"ಹೋಯ್ತು ಭವ್ಯಾ! ಒಂದೂ ನೆನಪಿಲ್ಲ!"

ಭವ್ಯಾ ತಲೆಯೆತ್ತದೆ ನಕ್ಕರು. ಬೆರಳು ಬೀಜ ಆರಿಸುತ್ತಿತ್ತು, ತುಟಿ ಅಲುಗುತ್ತಿತ್ತು. ಒಂದು ಬೀಜಕ್ಕೆ ಲ್ಯಾಡರ್, ಒಂದಕ್ಕೆ ಆರ್ಫನ್, ಇನ್ನೊಂದಕ್ಕೆ ವಿಂಟರ್; ಹನ್ನೆರಡನೆಯದು ಮುಗಿದೊಡನೆ ಮತ್ತೆ ಮೊದಲಿನಿಂದ. ದನಿ ಭವ್ಯಾರದು, ರಾಗ ಮಾತ್ರ ರೇಣುಕಪ್ರಸಾದರದು.

"ಸುಮ್ನಿರು ಮಾರಾಯ್ತಿ!"

"ಯಾಕ್ರೀ? ನಾನೇನು ಹೇಳ್ದೆ?" ಭವ್ಯಾ ನಿಜವಾಗಿಯೂ ಬೆರಗಾಗಿ ಕೇಳಿದರು. ರೇಣುಕಪ್ರಸಾದರು ಇನ್ನೊಂದು ಗುಟುಕು ಕುಡಿದರು. ಅದು ಬರೀ ಬಿಸಿನೀರಿನಂತಿತ್ತು.

ಇಂಥ ವಿರಾಗಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತಾವು ಬಿಟ್ಟದ್ದು ಬಯಲಿಗೆ ಸೇರಿತೆಂದು ನಂಬುತ್ತಾರೆ, ಪಾಪ. ಅದು ಹತ್ತಿರ ಕೂತವರ ಬಾಯಿಗೆ ಹೋಗಿ ಸೇರಿರುತ್ತದೆ.