ಸುಭಾಷಿಣಿಯ ಕಾಲ್ಗುಣ

ಬನ್ನಂಜೆಯ ಆ ಓಣಿಯಲ್ಲಿ ಯಾರ ಕಾಲು ಉಳುಕಿದರೂ ಮೊದಲು ನೆನಪಾಗುತ್ತಿದ್ದದ್ದು ಸುಭಾಷಿಣಿ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದದಿಂದ ಮೆಲ್ಲಗೆ ಸವರಿದರೆ ಉಳುಕು ಬಿಡುತ್ತದೆ ಅಂತ ಜನರ ನಂಬಿಕೆ. "ಡಾಕ್ಟರಿಗೆ ಕೈಗುಣ, ನಮ್ಮವಳಿಗೆ ಕಾಲ್ಗುಣ" ಎಂದು ಗಂಡ ಹಯಗ್ರೀವ ರಾಯರು ಬಂದವರನ್ನೆಲ್ಲ ನಗಿಸುತ್ತಿದ್ದರು.

ಅದೇ ರಾಯರು ಕಾಪುವಿನಲ್ಲಿ ಬಸ್ಸಿಳಿಯುವಾಗ ಕಾಲು ಹೊರಳಿಸಿಕೊಂಡು ಬಂದಾಗ ಮಾತ್ರ ಅವಳು ಹಿಂದೆ ಸರಿದಳು.

"ಗಂಡನಿಗೆ ಕಾಲು ತಾಗಿಸುವುದಾ? ನನ್ನಿಂದಾಗದು. ಮಣಿಪಾಲಕ್ಕೆ ಹೋಗಿ."

ಮಣಿಪಾಲದ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿಗೆ ಎಂತದೂ ಆಗಿಲ್ಲ ಎಂದರು. ನೋವು ಮಾತ್ರ ಮನೆಯವರ ಹಾಗೆ ಉಳಿದುಬಿಟ್ಟಿತು.

ಒಂದು ಮಧ್ಯಾಹ್ನ ರಾಯರು ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹತ್ತಿದೆ ಎಂದುಕೊಂಡು ಸುಭಾಷಿಣಿ ಹತ್ತಿರ ಬಂದಳು. ತಣ್ಣಗಿನ ಪಾದವೊಂದು ನೋವಿನ ಜಾಗವನ್ನು ಸವರಿತು. ಆಮೇಲೆ ಅವಳು ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ರಾಯರು ಉಸಿರು ಬಿಗಿಹಿಡಿದು ಮಲಗಿಯೇ ಇದ್ದರು.

ಎದ್ದವರು, "ಮಾರಾಯ್ತಿ, ನೋವು ಎಲ್ಲಿ ಹೋಯಿತೋ" ಎಂದು ಅಂಗಳದಲ್ಲಿ ನೆಟ್ಟಗೆ ನಡೆದು ತೋರಿಸಿದರು. ನೋವು ಎಲ್ಲಿಗೂ ಹೋಗಿರಲಿಲ್ಲ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅಂದಿನಿಂದ ಅವಳೆದುರು ಅವರು ಕುಂಟಲೇ ಇಲ್ಲ.

ಕಳೆದ ತಿಂಗಳು ಎದೆನೋವೆಂದು ಕೂತ ಸುಭಾಷಿಣಿ ಮತ್ತೆ ಏಳಲಿಲ್ಲ. ಇನ್ನು ಯಾರೆದುರು ನೆಟ್ಟಗೆ ನಡೆಯಬೇಕು? ರಾಯರು ಕಾಲೆಳೆದುಕೊಂಡೇ ಓಡಾಡಿದರು.

ಇವತ್ತು ಸಂತೆಕಟ್ಟೆಯ ಲೊರ್ನಾ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಬಂದಳು, ಹಳೆಯ ಪರಿಚಯದವಳು.

"ಅಕ್ಕ ಇಲ್ವಾ ರಾಯರೇ?"

"ಹೋಗಿ ತಿಂಗಳಾಯಿತು ಲೊರ್ನಾ. ಎದೆನೋವು."

ಲೊರ್ನಾ ಜಗಲಿಯಲ್ಲೇ ಕುಸಿದು ಕೂತು ಅತ್ತಳು. ರಾಯರು ಒಳಗಿನಿಂದ ನೀರು ತಂದರು. ಕಣ್ಣೊರೆಸುತ್ತ ಅವರ ನಡಿಗೆ ನೋಡಿದವಳು, "ನೀವು ಕುಂಟುತ್ತೀರಲ್ಲ?" ಎಂದಳು. "ನಮ್ಮವರ ಕಾಲು ನಾನೇ ಸರಿ ಮಾಡಿದೆ, ಅವರಿಗೇ ಗೊತ್ತಿಲ್ಲ ಅಂತ ಅಕ್ಕ ಫೋನಿನಲ್ಲಿ ಎಷ್ಟು ನಗಾಡಿದ್ದರು. ಗುಣ ಆಗಲಿಲ್ವಾ?"

"ಆ ನೋವು ಆಗಲೇ ಹೋಗಿದೆ. ಇದು ಕೂತು ಕೂತು ಜೋಮು ಹಿಡಿದದ್ದು. ನೀನು ಮಣಿಪಾಲಕ್ಕೆ ಹೋಗಿ ತೋರಿಸು."

ಗೇಟಿನವರೆಗೂ ಅವಳ ಜೊತೆ ಹೋದರು, ಹಲ್ಲು ಕಚ್ಚಿ, ನೆಟ್ಟಗೆ. ರಿಕ್ಷಾದಿಂದ ಲೊರ್ನಾ ತಿರುಗಿ ನೋಡಿದಾಗ ಕೈ ಬೀಸಿದರು. ರಿಕ್ಷಾ ಮರೆಯಾದ ಮೇಲೆ ಕಂಬ ಹಿಡಿದು ನೆಲಕ್ಕೇ ಕೂತರು. ಏಳಲು ನೋಡಿದರು, ಆಗಲಿಲ್ಲ. ರೂಢಿಯಂತೆ ಮನೆಯ ಕಡೆ ತಿರುಗಿ ಕರೆದರು:

"ಇವಳೇ, ಒಮ್ಮೆ ಬಾ ಇಲ್ಲಿ."