ನೊರೆ ಹಚ್ಚಿದ ಐದು ನಿಮಿಷ

ಕ್ಷೌರಿಕನ ಕತ್ತರಿ ನಿಂತರೂ ಮಾತು ನಿಲ್ಲುತ್ತಿರಲಿಲ್ಲ. ಅವನ ಬಿಪಿಯೂ ಅವನ ಕತೆಗಳಂತೆಯೇ ಹತ್ತಿಳಿಯುತ್ತಿತ್ತು: ಸೋಮವಾರ ನೂರ ಮೂವತ್ತು, ಬುಧವಾರ ನೂರ ಎಪ್ಪತ್ತು. ಹೀಗೇ ಆದರೆ ಹೃದಯಕ್ಕೆ ಒಳ್ಳೆಯದಲ್ಲ, ಮಾತ್ರೆ ತಪ್ಪಿಸಬೇಡಿ, ಮನೆಯಲ್ಲಿ ಅಳೆದು ಬರೆದು ತನ್ನಿ ಎಂದರು ಡಾಕ್ಟರಮ್ಮ. ಅಳೆಯುವ ಮುಂಚೆ ಐದು ನಿಮಿಷ ಸುಮ್ಮನಿರಬೇಕು, ಅಳೆಯುವಾಗಲೂ ತುಟಿ ಪಿಟಕ್ಕೆನ್ನಬಾರದು.

ಇವನು ಸುಮ್ಮನಿರುವುದೇ! ಹೆಂಡತಿಗೆ ಅಲ್ಲೇ ನಗು ಬಂತು. ಒಳಗೊಳಗೆ ಮಾತ್ರ ಪುಕಪುಕ. ಅವನಣ್ಣ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎನ್ನುತ್ತಲೇ ಐವತ್ತೆರಡಕ್ಕೆ ಹೃದಯಾಘಾತದಿಂದ ಹೋಗಿದ್ದ. ಇವನಿಗೀಗ ಐವತ್ತೊಂದು.

ಮೊದಲ ಬೆಳಿಗ್ಗೆ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿದ್ದೇ ತಡ, ಯಾರದೋ ಮೀಸೆಯ ಕತೆ ಶುರುವಾಯಿತು. ಯಂತ್ರ ನೂರ ಎಪ್ಪತ್ತೆರಡು ಎಂದಿತು. ಅದು ಮಾತಿನಿಂದ ಬಂದದ್ದು, ಲೆಕ್ಕಕ್ಕಿಲ್ಲ ಎಂದುಬಿಟ್ಟ. ಮರುದಿನವೂ ಅದೇ ರಾಗ.

ಮೂರನೆಯ ದಿನ ಅವಳಿಗೊಂದು ಉಪಾಯ ಹೊಳೆಯಿತು. ಅಂಗಡಿ ತೆರೆಯುವ ಮುಂಚೆ ಅವನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಮುಖದ ತುಂಬ ನೊರೆ ಬಳಿದು, ಕತ್ತಿ ಹಿಡಿದು ನಿಂತಳು. ಕತ್ತಿ ಕೆನ್ನೆ ಹತ್ತಿರ ಇದ್ದಾಗ ಮಾತಾಡಬೇಡಿ ಎಂದು ಮೂವತ್ತು ವರ್ಷ ಗಿರಾಕಿಗಳನ್ನೆಲ್ಲ ಗದರಿಕೊಂಡು ಬಂದವನು ತಾನೇ ಗದ್ದ ಎತ್ತಿ, ಕಣ್ಣು ಮುಚ್ಚಿ, ಮಗುವಿನಂತೆ ತೆಪ್ಪಗಾದ.

ಐದು ನಿಮಿಷ ಕಳೆಯಿತು. ಯಂತ್ರ ನೂರ ಅರವತ್ತೆಂಟು ಎಂದಿತು. ಅವನು ಬಾಯಿ ತೆರೆಯಹೋದ. ಅವಳು ಕತ್ತಿಯನ್ನು ಇನ್ನಷ್ಟು ಹತ್ತಿರ ತಂದಳು.

“ಇದು ಮಾತಿಂದ ಬಂದಿದ್ದಲ್ಲ ಕಣ್ರೀ. ಒಂದು ದಿನ ಕಡಿಮೆ ಬಂತು ಅಂದ್ರೆ ಎರಡು ದಿನ ನೀವು ಮಾತ್ರೆ ಮುಟ್ಟಲ್ಲ. ಖಾಲಿ ಆಗ್ಬೇಕಿದ್ದ ಮಾತ್ರೆ ಹಾಳೇಲಿ ಇನ್ನೂ ಒಂಬತ್ತು ಉಳಿದಿವೆ. ಹೇಳೋಣ ಅಂದ್ರೆ ನೀವು ಬಾಯಿ ಮುಚ್ಚಿದ್ರೆ ತಾನೇ?” ಅವಳು ಕತ್ತಿಯನ್ನು ಕೆಳಗಿಳಿಸಿದಳು. “ನಿಮ್ಮ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತೆ, ನಿಜ. ಆದ್ರೆ ಈಗ ಐದು ನಿಮಿಷ ನೀವು ಸುಮ್ಮನೆ ಕೂತ್ರಲ್ಲ, ನಂಗೆ ಕೈಕಾಲೇ ಆಡ್ಲಿಲ್ಲ. ನಿಮ್ಮ ಮಾತಿಲ್ಲದ ಮನೇಲಿ ನಾನಿರಲ್ಲ.”

ನೊರೆ ಅವನ ಮುಖದಲ್ಲೇ ಒಣಗುತ್ತಿತ್ತು. ಅವನು ಅಂಗೈ ಚಾಚಿದ. ಅವಳು ಮಾತ್ರೆ ಇಟ್ಟಳು.

ಅಂದಿನಿಂದ ದಿನವೂ ಮಾತ್ರೆ, ದಿನವೂ ನೊರೆ. ತಿಂಗಳಾದ ಮೇಲೆ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿದಾಗ ಅವನು ತನ್ನಷ್ಟಕ್ಕೆ ಗದ್ದ ಎತ್ತಿ ಕಣ್ಣು ಮುಚ್ಚಿದ. ನೂರ ಮೂವತ್ತೆರಡು. ಚೀಟಿಯಲ್ಲಿ ಬರೆದು ತಂದಿದ್ದೂ ಹೆಚ್ಚುಕಡಿಮೆ ಅಷ್ಟೇ. ಏನು ಮಾಡಿದಿರಿ ಎಂದು ಅವರು ಬೆರಗಾಗಿ ಕೇಳಿದರು.

“ಅದೊಂದು ದೊಡ್ಡ ಕತೆ ಡಾಕ್ಟ್ರೇ,” ಎಂದು ಅವನು ಶುರುಮಾಡಿದ.

ಹೊರಡಲೆಂದು ಎದ್ದಿದ್ದ ಹೆಂಡತಿ ಚೀಲವನ್ನು ಕೆಳಗಿಟ್ಟು ಮತ್ತೆ ಆರಾಮಾಗಿ ಕೂತಳು. ಎಷ್ಟು ಹೊತ್ತು ಬೇಕಾದರೂ ಹೇಳಲಿ.